ವ್ಯಾಧಿಯುಳ್ಳ ತಾಯಿಯೂ ಅವಳ ಕೂಸೂ

೨೦೨೦ನೆಯ ಇಸವಿಯಲ್ಲಿ ಕೊರೋನ ವ್ಯಾಧಿಯು ಲೋಕದಲ್ಲೆಲ್ಲಾ ಹಬ್ಬಿದಾಗ ಅನೇಕ ಆಸ್ಪತ್ರೆಗಳಲ್ಲಿ ಕೂಸು ಹುಟ್ಟಿದ ಕೂಡಲೇ ಅದನ್ನು ವ್ಯಾಧಿಯುಳ್ಳ ತಾಯಿಯಿಂದ ಅಗಲಿಸಿ ಬೇರೆ ಕೋಣೆಯಲ್ಲಿಟ್ಟರು. ಚೀನಾ ದೇಶದ ವೈದ್ಯರು ೧೪ ದಿನ ಹೀಗೆ ಇಡಬೇಕೆಂದರು. ಅಮೇರಿಕದ ಮಕ್ಕಳ ವೈದ್ಯರ ಸಂಘವೂ ಏಪ್ರಿಲ್ ತಿಂಗಳಲ್ಲಿ ಅದೇ ತರದ ಸಲಹೆ ಕೊಟ್ಟು ಜುಲೈಯಲ್ಲಿ ಅದನ್ನು ತಿದ್ದಿಕೊಂಡಿತು. ಇದು ಭಯದಿಂದಾದದ್ದೇ ಹೊರತು ಕ್ರೂರತನದಿಂದಲ್ಲ, ಆದಾಗ್ಯೂ ತಪ್ಪೇ. ತುರ್ತಿನ ಕಾಲ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ನೆಯ ಮೇ ತಿಂಗಳಲ್ಲಿ ಸಾರಿದರೂ ವ್ಯಾಧಿಯು ಇಲ್ಲದೆ ಹೋಗಲಿಲ್ಲ. ಆದಕಾರಣ ಬಾಣಂತಿಯುಳ್ಳ ಮನೆಯವರು ಈ ಸಂಗತಿಯನ್ನು ತಿಳಿದಿರತಕ್ಕದ್ದು.

ಮೊದಲು ಗರ್ಭಿಣಿಯ ವಿಷಯ. ಅದೇ ಪ್ರಾಯದ ಬೇರೆ ಸ್ತ್ರೀಯರಿಗಿಂತ ಗರ್ಭಿಣಿಗೆ ಈ ವ್ಯಾಧಿಯು ಕಠಿಣವಾಗುವದು ಹೆಚ್ಚು. ದಿನ ತುಂಬುವ ಮೊದಲೇ ಹೆರಿಗೆಯಾಗುವದೂ ಉಂಟು. ಆಕೆಯನ್ನು ಗಾಳಿಯಾಡುವ ಕೋಣೆಯಲ್ಲಿಟ್ಟು, ಮಗ್ಗುಲಾಗಿ ಮಲಗಿಸಿ, ನೀರನ್ನೂ ಗಂಜಿಯನ್ನೂ ಧಾರಾಳವಾಗಿ ಕೊಡಿರಿ. ಜ್ವರವೆಂದು ಉಪವಾಸ ಹಾಕಬಾರದು. ಉಸಿರು ಕಟ್ಟಿದರೆ, ರಕ್ತ ಹೋದರೆ, ಹೊಟ್ಟೆಯಲ್ಲಿ ಕೂಸಿನ ಅಲುಗಾಟ ಕಡಿಮೆಯಾದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ. ನಮ್ಮ ದೇಶದ ಸರಕಾರವು ೨೦೨೧ನೆಯ ಜುಲೈಯಲ್ಲಿ ಗರ್ಭಿಣಿಯರಿಗೂ ಲಸಿಕೆ ಹಾಕಿಸಬಹುದೆಂದು ಅಪ್ಪಣೆ ಕೊಟ್ಟಿತು. ಅದರಿಂದ ತಾಯಿಯಲ್ಲಿ ಹುಟ್ಟುವ ರೋಗನಿರೋಧಕ ಬಲವು ಗರ್ಭದ ಕೂಸಿಗೂ ಮುಟ್ಟುವದು.

ಇನ್ನು ಕೂಸಿನ ವಿಷಯ. ತಾಯಿಯ ಹಾಲಿನಿಂದ ವ್ಯಾಧಿಯು ಕೂಸಿಗೆ ಬರುವದಲ್ಲವೇ ಎಂದು ಅತ್ತೆಯಂದಿರು ಕೇಳುವರು. ಕೇಳುವದು ನ್ಯಾಯವೇ. ಆದರೆ ಈ ವ್ಯಾಧಿಯು ಹರಡುವದು ಮುಖ್ಯವಾಗಿ ಉಸಿರಿನಿಂದ, ಹಾಲಿನಿಂದಲ್ಲ. ವ್ಯಾಧಿ ತಗಲಿದ ತಾಯಂದಿರ ಹಾಲಿನಲ್ಲಿ ಅದನ್ನು ಎದುರಿಸುವ ಅಂಶಗಳೇ ಕಂಡುಬಂದಿವೆ. ಹೀಗಿರಲಾಗಿ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವದು ಯಾವ ಕಾಲದಲ್ಲಿಯೂ ಬುದ್ಧಿಯಲ್ಲ, ಈ ಕಾಲದಲ್ಲಂತೂ ಅಲ್ಲವೇ ಅಲ್ಲ. ತಾಯಿಯು ಸಾಬೂನಿನಿಂದ ಕೈ ತೊಳೆದು, ಮೂಗುಬಾಯಿ ಮುಚ್ಚಿಕೊಂಡು ಹಾಲು ಕುಡಿಸಲಿ. ಕೂಸಿನ ಮುಖಕ್ಕೆ ಬಟ್ಟೆ ಕಟ್ಟಬೇಡಿರಿ, ಉಸಿರು ಕಟ್ಟೀತು. ತಾಯಿಗೆ ಏಳಲು ಶಕ್ತಿಯಿಲ್ಲದಿದ್ದರೆ ಹಾಲನ್ನು ಹಿಂಡಿ, ಕುದಿಸಿ ತೊಳೆದ ಒಳಲೆಯಿಂದ ಸ್ವಸ್ಥಳಾದ ಇನ್ನೊಬ್ಬಳು ಕುಡಿಸಲಿ.

ದಿನ ತುಂಬದೆ ಹುಟ್ಟಿದ ಸಣ್ಣ ಕೂಸಿಗೆ ತಾಯಿಯ ಎದೆಯ ಕಾವೇ ಔಷಧ. ೧೯೭೮ರಲ್ಲಿ ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ ಎಡ್ಗರ್ ರೇ ಎಂಬ ವೈದ್ಯನು, ಕಾವುಪೆಟ್ಟಿಗೆಗಳು ಸಾಲದೆ ಇದ್ದಾಗ, ಕೂಸುಗಳನ್ನು ತಾಯಂದಿರ ಬರಿ ಎದೆಗೆ ಒತ್ತಿ ಕಟ್ಟಿಸಿದನು. ಇದಕ್ಕೆ ಕಾಂಗರೂ ಆರೈಕೆ ಎಂದು ಹೆಸರು. ಈ ಆರೈಕೆಯು ಸಣ್ಣ ಕೂಸುಗಳೆಲ್ಲಕ್ಕೂ ದೊರೆತರೆ ೧೨೭ ಬಡ ಹಾಗೂ ಮಧ್ಯಮ ಸ್ಥಿತಿಯ ದೇಶಗಳಲ್ಲಿ ೧,೨೫,೦೦೦ಕ್ಕಿಂತ ಹೆಚ್ಚು ಕೂಸುಗಳು ಬದುಕಬಹುದೆಂದೂ, ಕೊರೋನದಿಂದ ಸಾಯುವವು ೨,೦೦೦ಕ್ಕೂ ಕಡಿಮೆಯೆಂದೂ ೨೦೨೧ರಲ್ಲಿ ಪ್ರಕಟವಾದ ಲೆಕ್ಕವು ತೋರಿಸುತ್ತದೆ. ಅಗಲಿಸಿದ್ದರಿಂದ ಏನಾಗುತ್ತಿತ್ತೆಂಬದನ್ನು ಇದರಿಂದ ನೋಡಿರಿ.

ಕೂಸು ಮೊಲೆ ಕಚ್ಚದೆ ಇದ್ದರೆ, ಮೈ ತಣ್ಣಗಾದರೆ, ನಿಮಿಷಕ್ಕೆ ೬೦ ಸಾರಿ ಅಥವಾ ಅದಕ್ಕಿಂತ ಹೆಚ್ಚು ಉಸಿರಾಡಿದರೆ ತಡಮಾಡಬಾರದು. ಆಸ್ಪತ್ರೆಯ ದಾರಿಯಲ್ಲಿಯೂ ಕೂಸು ತಾಯಿಯ ಎದೆಯ ಮೇಲೆಯೇ ಇರಲಿ.