ಒಬ್ಬರ ಕಸ, ಇನ್ನೊಬ್ಬರ ಕಸುಬು

ನಾವು ಮಣ್ಣಗುಡ್ಡದ ಹೆಂಗಸರು. ಸಂಜೆ ಪಾಠಕ್ಕೆ ಸೇರುತ್ತೇವೆ. ನಮ್ಮಲ್ಲಿ ಕೆಲವರು ಬೀಡಿ ಕಟ್ಟುತ್ತೇವೆ. ಕೆಲವರು ಮನೆಗೆಲಸಕ್ಕೆ ಹೋಗುತ್ತೇವೆ. ಕೆಲವರು ಗೇರುಬೀಜದ ಕಾರ್ಖಾನೆಗೆ ಹೋಗುತ್ತೇವೆ.

ಒಂದು ಸಂಜೆ ಮಾತು ಬಂತು.

"ಗೇರುಬೀಜದ ತಿರುಳು ಪೇಟೆಗೆ ಹೋಗ್ತದೆ. ಸಿಪ್ಪೆ ಎಲ್ಲಿಗೆ ಹೋಗ್ತದೆ ಅಕ್ಕಾ?"

"ಅದನ್ನೂ ಮಾರ್ತಾರೆ ಮಾರಾಯ್ತಿ. ಅದರಲ್ಲಿ ಎಣ್ಣೆ ಉಂಟು."

ಹೌದು, ಸಿಪ್ಪೆಯಲ್ಲಿ ಎಣ್ಣೆ ಉಂಟು. ಅದು ತಿನ್ನುವ ಎಣ್ಣೆ ಅಲ್ಲ. ಕೈಗೆ ತಾಗಿದರೆ ಚರ್ಮ ಸುಡುತ್ತದೆ. ಆದರೆ ಅದರಿಂದ ಬಣ್ಣ, ವಾರ್ನಿಷ್ ಮಾಡುತ್ತಾರೆ. ಬಸ್ಸು, ಲಾರಿಗಳ ಬ್ರೇಕಿಗೂ ಅದು ಬೇಕು. ಎಣ್ಣೆ ಹಿಂಡಿದ ಮೇಲೆ ಉಳಿದ ಸಿಪ್ಪೆ ಬಾಯ್ಲರಿಗೆ ಉರುವಲು. ಒಂದು ಕಾರ್ಖಾನೆಗೆ ಬೇಡವಾದದ್ದು ಇನ್ನೊಂದಕ್ಕೆ ಬೇಕಾಯಿತು. ಇಬ್ಬರಿಗೂ ಖರ್ಚು ಉಳಿಯಿತು.

ಇದು ಹೊಸ ಬುದ್ಧಿ ಅಲ್ಲ. 1865ರಲ್ಲಿ ಬಾಸೆಲ್ ಮಿಶನ್‌ನವರು ನಮ್ಮ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹೆಂಚು ದೇಶಕ್ಕೆಲ್ಲ ಹೋಯಿತು. ಒಡೆದ ಹೆಂಚನ್ನು ಹಿಂದಿನವರು ಬಿಸಾಡುತ್ತಿರಲಿಲ್ಲ. ಪುಡಿ ಮಾಡಿ ಸುಣ್ಣಕ್ಕೆ ಬೆರೆಸಿ ಗಾರೆ ಮಾಡುತ್ತಿದ್ದರು.

ದೂರದ ಡೆನ್ಮಾರ್ಕ್ ದೇಶದಲ್ಲಿ ಕಲುಂಡ್‌ಬೋರ್ಗ್ ಎಂಬ ಊರು ಇದೆ. ಅಲ್ಲಿನ ಎಣ್ಣೆ ಕಾರ್ಖಾನೆ ಹೆಚ್ಚಾದ ಅನಿಲವನ್ನು ಸುಮ್ಮನೆ ಉರಿಸಿಬಿಡುತ್ತಿತ್ತು. 1972ರಲ್ಲಿ ಅದನ್ನು ನೆರೆಯ ಕಾರ್ಖಾನೆಗೆ ಕೊಟ್ಟಿತು. ವಿದ್ಯುತ್ ಸ್ಥಾವರದ ಬಿಸಿಯಿಂದ ಆ ಚಳಿ ಊರಿನ ಮನೆಗಳು ಬೆಚ್ಚಗಾದವು. ನೆರೆಹೊರೆ ಅಂದರೆ ಹೀಗೆ, ಅಲ್ವಾ? ನಾವೂ ಪಕ್ಕದ ಮನೆಗೆ ಮಜ್ಜಿಗೆ ಕೊಡುತ್ತೇವೆ, ಕರಿಬೇವು ತರುತ್ತೇವೆ.

ಈಗ ನೀರಿನ ಮಾತು. 2019ರ ಬೇಸಿಗೆಯಲ್ಲಿ ನೇತ್ರಾವತಿ ಸೊರಗಿತು. ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿಯಿತು. ಊರಿಗೆ ಸರದಿಯಂತೆ ನೀರು ಬಿಟ್ಟರು. ನಾವು ಕೊಡ ಹಿಡಿದು ಕಾದೆವು. ನೀರಿಲ್ಲದೆ ಎಂಆರ್‌ಪಿಎಲ್ ಎಣ್ಣೆ ಶುದ್ಧೀಕರಣ ಕಾರ್ಖಾನೆಯ ಕೆಲವು ಘಟಕಗಳೂ ನಿಂತವು. ಒಂದೇ ಹೊಳೆ, ಕುಡಿಯುವವರು ಇಬ್ಬರು.

ಇದಕ್ಕೆ ದಾರಿ ಉಂಟು. ಊರಿನ ಕೊಳಚೆ ನೀರನ್ನು ಕಾವೂರಿನಲ್ಲಿ ಶುದ್ಧ ಮಾಡುತ್ತಾರೆ. ಅದನ್ನು ವಿಶೇಷ ಆರ್ಥಿಕ ವಲಯದ ಕಾರ್ಖಾನೆಗಳಿಗೆ ಕೊಡುವ ವ್ಯವಸ್ಥೆ ಆಗಿದೆ. ಯಂತ್ರ ತಂಪು ಮಾಡಲು ಕುಡಿಯುವ ನೀರೇ ಬೇಕೆಂದಿಲ್ಲ. ಕಾರ್ಖಾನೆ ಒಂದು ಕೊಡ ಬಳಸಿದ ನೀರು ತೆಗೆದುಕೊಂಡರೆ, ಹೊಳೆಯಲ್ಲಿ ಒಂದು ಕೊಡ ಒಳ್ಳೆಯ ನೀರು ನಮಗೆ ಉಳಿಯುತ್ತದೆ.

ಹಂಚಿಕೊಳ್ಳದಿದ್ದರೆ ಏನಾಗುತ್ತದೆ? ಅದೇ 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜರಿಯಿತು. ಮಂದಾರದ ಮನೆಗಳನ್ನೂ ತೋಟಗಳನ್ನೂ ಕಸ ಮುಚ್ಚಿತು. ಜನ ಮನೆ ಬಿಟ್ಟು ಹೋಗಬೇಕಾಯಿತು. ಅದು ಯಾರ ಕಸ? ಊರಿನ ಕಸ. ನಮ್ಮದೂ ಅದರಲ್ಲಿ ಇತ್ತು. ಅನ್ನ, ಪ್ಲಾಸ್ಟಿಕ್, ಗಾಜು, ಬಟ್ಟೆ ಎಲ್ಲ ಒಟ್ಟಾದರೆ ಯಾರೂ ಕೊಳ್ಳುವುದಿಲ್ಲ. ಬೇರೆ ಬೇರೆ ಇಟ್ಟರೆ ಒಂದೊಂದಕ್ಕೂ ಗಿರಾಕಿ ಉಂಟು.

ಆದರೆ ಎರಡು ಮಾತು ಮರೆಯಬಾರದು. ಒಂದು, ಸಿಕ್ಕಿದ್ದನ್ನೆಲ್ಲ ಉರುವಲು ಮಾಡಬಾರದು. ಪ್ಲಾಸ್ಟಿಕ್, ಗೇರುಸಿಪ್ಪೆ ಮನೆಯ ಒಲೆಗೆ ಹಾಕಿದರೆ ಹೊಗೆ ಎದೆಗೆ ಕೆಟ್ಟದು. ಎರಡು, ಕಸಕ್ಕೆ ಬೆಲೆ ಬಂದಾಗ ಕಸ ಬೇರ್ಪಡಿಸಿದ ಕೈಗೂ ಅದರ ಪಾಲು ಬರಬೇಕು. ಆ ಕೈ ಹೆಚ್ಚಾಗಿ ಹೆಂಗಸರದು. ಕೈಚೀಲ ಕೊಡಿ, ಸರಿಯಾದ ಕೂಲಿ ಕೊಡಿ ಎಂದು ಕೇಳೋಣ. ತೂಕದ ಚೀಟಿ ನಾವೇ ಓದೋಣ. ಓದು ಕಲಿತದ್ದು ಅದಕ್ಕೂ ಹೌದು.

ಮಾತಾಡೋಣ, ಬರೆಯೋಣ

1. ಗೇರುಬೀಜದ ಸಿಪ್ಪೆಯಿಂದ ಏನೇನು ಉಪಯೋಗ?
2. ಕಾರ್ಖಾನೆ ಶುದ್ಧ ಮಾಡಿದ ಕೊಳಚೆ ನೀರು ಬಳಸಿದರೆ ನಮಗೇನು ಲಾಭ?
3. ನಿಮ್ಮ ಕೆಲಸದ ಜಾಗದಲ್ಲಿ ದಿನವೂ ಬಿಸಾಡುವ ಒಂದು ವಸ್ತುವಿನ ಹೆಸರು ಬರೆಯಿರಿ. ಅದು ಯಾರಿಗೆ ಬೇಕಾಗಬಹುದು?