ತಾಯ್ತನ ಮತ್ತು ಅತಿ ಚುರುಕಿನ ಥೈರಾಯಿಡ್

ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಪುಟ್ಟ ಗ್ರಂಥಿಯೊಂದಿದೆ. ಅದೇ ಥೈರಾಯಿಡ್. ಅಯೋಡಿನ್ ಬಳಸಿ ಅದು ತಯಾರಿಸುವ ಹಾರ್ಮೋನು ದೇಹದ ಶಕ್ತಿಯ ಜಮಾ-ಖರ್ಚನ್ನು ನಿಯಂತ್ರಿಸುತ್ತದೆ. ಹಾರ್ಮೋನು ಮಿತಿಮೀರಿದರೆ ಖರ್ಚು ಜಮೆಯನ್ನು ಮೀರುತ್ತದೆ. ಚೆನ್ನಾಗಿ ಉಂಡರೂ ತೂಕ ಇಳಿಯುತ್ತದೆ, ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಸೆಕೆ ತಾಳಲಾಗುವುದಿಲ್ಲ. ಡೊಂಬಿವಲಿಯಿಂದಲೋ ವಿರಾರದಿಂದಲೋ ಲೋಕಲ್ ಗಾಡಿಯಲ್ಲಿ ನಿಂತು ಬರುವ ಉದ್ಯೋಗಸ್ಥ ಮಹಿಳೆ ಇದನ್ನು ದಣಿವೆಂದೇ ತಿಳಿಯುವುದುಂಟು. ಗರ್ಭಿಣಿಯಾದರಂತೂ ಬಸಿರಿನ ಬಾಧೆಯೆಂದು ಮನೆಯವರೂ ಸುಮ್ಮನಾಗುತ್ತಾರೆ.

ಯುವತಿಯರಲ್ಲಿ ಇದಕ್ಕೆ ಮುಖ್ಯ ಕಾರಣ ಗ್ರೇವ್ಸ್ ಕಾಯಿಲೆ. ದೇಹವೇ ಉತ್ಪಾದಿಸುವ ಪ್ರತಿಕಾಯಗಳು ಗ್ರಂಥಿಯನ್ನು ಬಿಡುವಿಲ್ಲದೆ ಕೆರಳಿಸುತ್ತವೆ. ಅಲಕ್ಷಿಸಿದರೆ ಗರ್ಭಪಾತ, ಅಕಾಲ ಪ್ರಸವ, ಶಿಶುವಿನ ತೂಕದ ಕೊರತೆ, ತಾಯಿಗೆ ರಕ್ತದ ಒತ್ತಡ ಮುಂತಾದ ಅಪಾಯಗಳಿವೆ.

ಗರ್ಭಧಾರಣೆಗೆ ಮುನ್ನ

ಮಾತ್ರೆ, ವಿಕಿರಣಶೀಲ ಅಯೋಡಿನ್, ಶಸ್ತ್ರಕ್ರಿಯೆ ಎಂಬ ಮೂರು ಮಾರ್ಗಗಳಿವೆ. ಭಾಭಾ ಅಣು ಸಂಶೋಧನಾ ಕೇಂದ್ರವು 1963ರಲ್ಲಿ ಪರೇಲದಲ್ಲಿ ಸ್ಥಾಪಿಸಿದ ವಿಕಿರಣ ವೈದ್ಯಕೀಯ ಕೇಂದ್ರವು ಅಯೋಡಿನ್ ಚಿಕಿತ್ಸೆಗೆ ಹೆಸರಾಗಿದೆ. ಆದರೆ ಗರ್ಭಿಣಿಯರಿಗೂ ಮೊಲೆಯೂಡಿಸುವವರಿಗೂ ಈ ಚಿಕಿತ್ಸೆ ಸರ್ವಥಾ ವರ್ಜ್ಯ. ಪಡೆದವರು ಕನಿಷ್ಠ 6 ತಿಂಗಳು ಗರ್ಭ ಧರಿಸಬಾರದು. ಕಾರ್ಬಿಮಝೋಲ್ ಮಾತ್ರೆಯು ಮೊದಲ ವಾರಗಳಲ್ಲಿ ಶಿಶುವಿನ ಅಂಗರಚನೆಗೆ ದೋಷ ತರಬಹುದು. ಆದ್ದರಿಂದ ಮೊದಲ 3 ತಿಂಗಳಲ್ಲಿ ಔಷಧಿ ಅಗತ್ಯವಾದರೆ ಪ್ರೊಪೈಲ್‌ಥಯೋಯುರಾಸಿಲ್ ಕೊಡುತ್ತಾರೆ. ಮುಟ್ಟು ತಪ್ಪಿದೊಡನೆ ವೈದ್ಯರನ್ನು ಕಾಣಬೇಕು. ತಾನಾಗಿಯೇ ಮಾತ್ರೆ ನಿಲ್ಲಿಸಬಾರದು.

ಗರ್ಭಾವಸ್ಥೆಯಲ್ಲಿ

ಮೊದಲ ತಿಂಗಳುಗಳಲ್ಲಿ ಬಸಿರಿನ ಹಾರ್ಮೋನಿನಿಂದಲೇ ಟಿ.ಎಸ್.ಎಚ್. ತಗ್ಗುತ್ತದೆ. ಆದುದರಿಂದ ಒಂದೇ ವರದಿಯನ್ನು ಕಂಡು ಗಾಬರಿಪಡಬೇಕಿಲ್ಲ. ಚಿಕಿತ್ಸೆ ಪಡೆಯುವವರಿಗೆ ಸುಮಾರು 4 ವಾರಗಳಿಗೊಮ್ಮೆ ರಕ್ತಪರೀಕ್ಷೆ ಅವಶ್ಯ. ಔಷಧಿ ಶಿಶುವನ್ನೂ ತಲಪುವುದರಿಂದ ಅತಿ ಕಡಿಮೆ ಪ್ರಮಾಣವೇ ಲೇಸು. ಹೆಚ್ಚಾದರೆ ಶಿಶುವಿನ ಗ್ರಂಥಿ ಮಂಕಾಗುತ್ತದೆ. ಪ್ರತಿಕಾಯಗಳೂ ಶಿಶುವಿಗೆ ದಾಟಬಲ್ಲವು. ಹಾಗಾಗಿ ಹಿಂದೆಂದೋ ಗ್ರಂಥಿ ತೆಗೆಸಿಕೊಂಡವರೂ ಆ ಸಂಗತಿಯನ್ನು ಮರೆಮಾಚಬಾರದು. ಮಾತ್ರೆ ಸೇವಿಸುವವರಿಗೆ ಜ್ವರ, ಗಂಟಲುನೋವು ಬಂದರೆ ಮಾತ್ರ ಔಷಧಿ ತಡೆದು, ಅಂದೇ ವೈದ್ಯರಲ್ಲಿ ರಕ್ತಕಣಗಳ ಪರೀಕ್ಷೆ ಮಾಡಿಸಬೇಕು.

ಕೊನೆಯ ತಿಂಗಳುಗಳಲ್ಲಿ ರೋಗ ಶಮನವಾಗುವುದುಂಟು. ಹೆರಿಗೆಯ ಬಳಿಕ ಮರುಕಳಿಸುವುದೂ ಉಂಟು. ಮಿತ ಪ್ರಮಾಣದ ಮಾತ್ರೆಯೊಂದಿಗೆ ಮೊಲೆಯೂಡಿಸಲು ಅಡ್ಡಿಯಿಲ್ಲ.

ಸೀಮಂತ ಮುಗಿಸಿ ಮಗಳನ್ನು ಉಡುಪಿಗೋ ಮಂಗಳೂರಿಗೋ ತವರಿಗೆ ಕಳುಹುವ ವಾಡಿಕೆ ನಮ್ಮವರಲ್ಲಿ ಇಂದಿಗೂ ಉಂಟು. ಸೀರೆ, ಬಳೆಗಳೊಂದಿಗೆ ಆಕೆಯ ರಕ್ತಪರೀಕ್ಷೆಯ ವರದಿಗಳೂ ಮಾತ್ರೆಯ ಚೀಟಿಯೂ ಪೆಟ್ಟಿಗೆಯನ್ನು ಸೇರಲಿ. ಊರಿನ ವೈದ್ಯರಿಗೆ ಹಿಂದಿನ ಲೆಕ್ಕ ತಿಳಿದಿದ್ದರೆ ಮುಂದಿನ ಲೆಕ್ಕ ತಪ್ಪದು.