ಆರೋಗ್ಯದ ಅಸಮಾನತೆಯೂ ಸಂಶೋಧನಾ ವೇತನವೂ

ಆರೋಗ್ಯವೆಂದರೆ ಡಾಕ್ಟರರ ವಿಷಯ, ಕಲಾ ವಿಭಾಗದವರಾದ ನಮಗೆ ಅದರಲ್ಲಿ ಏನು ಕೆಲಸ ಎಂದು ನಮ್ಮಲ್ಲಿ ಅನೇಕರು ಭಾವಿಸಿರುವುದುಂಟು. ಭರಮಸಾಗರದ ಸುತ್ತಿನ ಹಳ್ಳಿ, ಹಟ್ಟಿ, ತಾಂಡಾಗಳಿಂದ ಬರುವ ನಾವು ಹಾಗೆ ಭಾವಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವನ್ನು ನಾವು ಕುಡಿಯುವ ನೀರಿನಿಂದಲೇ ಆರಂಭಿಸುತ್ತೇನೆ.

ನಮ್ಮ ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಗಟ್ಟಿಬಂಡೆಯ ಸೀಳುಗಳಲ್ಲಿ ನೀರು ಬಹುಕಾಲ ನಿಂತಷ್ಟೂ ಕಲ್ಲಿನಲ್ಲಿರುವ ಫ್ಲೋರೈಡ್ ಕರಗಿ ನೀರಿಗೆ ಸೇರುತ್ತದೆ. ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ಇಂಥ ಹಳೆಯ ನೀರು ಮೇಲೆ ಬರುವ ಸಂಭವ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಮಿಗಿಂತ ಅದು ಹೆಚ್ಚಿರಬಾರದು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಇದನ್ನು ಮೀರಿದ ನೀರನ್ನು ಎಳೆಯ ವಯಸ್ಸಿನಿಂದ ಕುಡಿದರೆ ಹಲ್ಲು ಕಲೆಗಟ್ಟುತ್ತದೆ. ವರ್ಷಗಟ್ಟಲೆ ಬಹಳವಾಗಿ ಕುಡಿದರೆ ಮೂಳೆ ಕೀಲುಗಳು ಬಿಗಿಯುತ್ತವೆ. ಭಾರತದಲ್ಲಿ ಈ ರೋಗವನ್ನು ಮೊದಲು ವರದಿ ಮಾಡಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಿಂದ.

ಇಲ್ಲಿಯವರೆಗೆ ಇದು ಭೂಗರ್ಭಶಾಸ್ತ್ರ ಮತ್ತು ವೈದ್ಯಶಾಸ್ತ್ರ. ಇನ್ನು ಮುಂದಿನದು ನಮ್ಮದು. ಒಂದೇ ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಇದೆಯೆಂದು ಇಟ್ಟುಕೊಳ್ಳೋಣ. ನೆರಳಿನಲ್ಲಿ ಕುಳಿತು ದಿನಕ್ಕೆ 2 ಲೀಟರ್ ಕುಡಿಯುವವನ ಹೊಟ್ಟೆಗೆ 4 ಮಿಲಿಗ್ರಾಂ ಹೋಗುತ್ತದೆ. ಬಿಸಿಲಿನಲ್ಲಿ ಮೆಕ್ಕೆಜೋಳದ ಹೊಲದಲ್ಲಿ ಕಳೆ ಕೀಳುತ್ತ 5 ಲೀಟರ್ ಕುಡಿಯುವವಳ ಹೊಟ್ಟೆಗೆ 10 ಮಿಲಿಗ್ರಾಂ. ಮೊದಲನೆಯವನು ಹಾಲು ಮೊಸರು ಉಣ್ಣುತ್ತಾನೆ, ಶುದ್ಧನೀರಿನ ಘಟಕದಿಂದ ಕ್ಯಾನು ತರಿಸುತ್ತಾನೆ. ಎರಡನೆಯವಳಿಗೆ ಸುಣ್ಣದ ಅಂಶವುಳ್ಳ ಆಹಾರ ಅಪರೂಪ, ಹೊಲದಲ್ಲಿ ಸಿಕ್ಕ ನೀರೇ ನೀರು. ಬಾವಿ ಒಂದೇ, ರೋಗ ಮಾತ್ರ ಸಮನಾಗಿ ಹಂಚಿಕೆಯಾಗುವುದಿಲ್ಲ. ಇದನ್ನೇ ಪಂಡಿತರು ಆರೋಗ್ಯದ ಅಸಮಾನತೆ ಎನ್ನುತ್ತಾರೆ. ಇದನ್ನು ಅಳೆಯಲು ಪ್ರಯೋಗಶಾಲೆಯ ಜೊತೆಗೆ ಕೂಲಿ, ಜಾತಿ, ಜಮೀನುಗಳ ಲೆಕ್ಕ ಬಲ್ಲವರೂ ಬೇಕು.

ಇನ್ನೊಂದು ಉದಾಹರಣೆ ಹೆಚ್ಚು ಸೂಕ್ಷ್ಮವಾದದ್ದು. ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯನ್ನೂ ಹಟ್ಟಿಯ ಹೊರಗಿರಿಸುವ ಪದ್ಧತಿ ಇದೆಯೆಂಬುದು ನಮ್ಮ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಇದನ್ನು ತಡೆಯುವ ಅಂಶ 2017ರ ಮೌಢ್ಯ ನಿಷೇಧ ಕಾಯಿದೆಯಲ್ಲಿದೆ. ಅದು 2020ರಲ್ಲಿ ಜಾರಿಗೆ ಬಂದಿತು. ಕೆಲವು ಹಟ್ಟಿಗಳಲ್ಲಿ ಸರ್ಕಾರವೇ ಇಂಥ ಹೆಂಗಸರಿಗಾಗಿ ಕೃಷ್ಣ ಕುಟೀರಗಳನ್ನು ಕಟ್ಟಿಸಿದ್ದೂ ಉಂಟು. ಆ ಕಟ್ಟಡ ಪದ್ಧತಿಯನ್ನು ಸಡಿಲಿಸಿತೋ, ಅಥವಾ ಅದಕ್ಕೊಂದು ಗಟ್ಟಿ ಛಾವಣಿ ಹಾಕಿತೋ? ಪ್ಯಾಂಟು ಷರಟು ತೊಟ್ಟು ಪ್ರಶ್ನಾವಳಿ ಹಿಡಿದು ಜೀಪಿನಿಂದ ಇಳಿದ ಅಪರಿಚಿತ ಗಂಡಸಿಗೆ ಬಾಣಂತಿ ಏನು ಉತ್ತರ ಹೇಳಿಯಾಳು? ಅದೇ ಹಟ್ಟಿಯ ಓದಿದ ಹೆಣ್ಣುಮಗಳು "ಅಕ್ಕಾ, ರಾತ್ರಿ ಚಳಿಗೆ ಏನು ಮಾಡಿದೆ?" ಎಂದು ಕೇಳಿದರೆ ಬರುವ ಉತ್ತರವೇ ಬೇರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೇ ಒಬ್ಬರಾದ ಸಿ. ಮಾದೇಗೌಡರು ಪಿಎಚ್.ಡಿ. ಪಡೆದು ತಮ್ಮ ಜನರ ಬದುಕು ಮತ್ತು ಅರಣ್ಯ ಹಕ್ಕುಗಳ ಬಗ್ಗೆ ಕೆಲಸ ಮಾಡಿರುವುದು ನಮ್ಮ ನಾಡಿನ ನಿದರ್ಶನ.

ಆದರೆ ಆ ಹೆಣ್ಣುಮಗಳು ಸಂಶೋಧಕಿಯಾಗುವುದು ಹೇಗೆ? ಪ್ರಶ್ನೆ ಈಗ ಹಣಕ್ಕೆ ಬಂತು.

ಅಂಬೇಡ್ಕರರ ಜೀವನದಲ್ಲಿ ಇದಕ್ಕೆ ಪಾಠವಿದೆ. 1913ರಲ್ಲಿ ಬರೋಡದ ಮಹಾರಾಜರು ಕೊಟ್ಟ ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವೇತನದಿಂದ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. ವೇತನದ ಅವಧಿ ಮುಗಿದದ್ದರಿಂದ 1917ರಲ್ಲಿ ಲಂಡನ್ನಿನ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು ಹಿಂತಿರುಗಬೇಕಾಯಿತು. ಮತ್ತೆ ಹೋಗಲು 1920 ಬರಬೇಕಾಯಿತು. ಅಂಥ ಮೇಧಾವಿಯ ವ್ಯಾಸಂಗವನ್ನೇ ಹಣದ ಕೊರತೆ ಮೂರು ವರ್ಷ ನಿಲ್ಲಿಸಿತೆಂದರೆ ನಮ್ಮಂಥವರ ಮಾತೇನು!

ಹಣ ಹಂಚುವವರು ಪಕ್ಷಪಾತಿಗಳೆಂದು ನಾನು ಹೇಳುತ್ತಿಲ್ಲ. ವಿಷಯ ಅದಕ್ಕಿಂತ ಜಟಿಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅನುದಾನಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ವಿದ್ಯಾಭ್ಯಾಸ, ಹಿಂದಿನ ಪ್ರಕಟಣೆ ಮೊದಲಾದವನ್ನು ಸರಿದೂಗಿಸಿ ನೋಡಿದರೂ ಕಪ್ಪು ಜನರ ಅರ್ಜಿಗಳಿಗೆ ಹಣ ಸಿಗುವ ಸಂಭವ ಬಿಳಿಯರಿಗಿಂತ ಶೇಕಡ 10 ಅಂಶಗಳಷ್ಟು ಕಡಿಮೆಯಿತ್ತು. 2019ರ ಇನ್ನೊಂದು ಅಧ್ಯಯನ ಈ ಅಂತರದ ಐದನೆಯ ಒಂದು ಭಾಗಕ್ಕಿಂತ ಹೆಚ್ಚಿಗೆ ಆರಿಸಿಕೊಂಡ ವಿಷಯವೇ ಕಾರಣವೆಂದು ತೋರಿಸಿತು. ಅವರು ಸಮುದಾಯದ ಆರೋಗ್ಯವನ್ನು ಕುರಿತ ವಿಷಯಗಳನ್ನು ಹೆಚ್ಚಾಗಿ ಆರಿಸಿಕೊಳ್ಳುತ್ತಿದ್ದರು. ಅಂಥ ವಿಷಯಗಳಿಗೆ ಯಾರು ಬರೆದರೂ ಹಣ ಕಡಿಮೆ. ಎಂದರೆ ತನ್ನವರ ನೋವನ್ನೇ ವಿಷಯ ಮಾಡಿಕೊಂಡವನಿಗೆ ಎರಡು ಪಟ್ಟು ನಷ್ಟ. ಈ ಅಂಕಿಗಳನ್ನು ಓದಿದಾಗ ನನಗೆ ನಮ್ಮ ಹಟ್ಟಿಗಳೇ ಕಣ್ಣಮುಂದೆ ಬಂದವು.

ನಮ್ಮ ದೇಶದಲ್ಲಿ ಏರ್ಪಾಡು ಇಲ್ಲವೆಂದಲ್ಲ. 2005-06ರಲ್ಲಿ ರಾಜೀವ್ ಗಾಂಧಿ ಹೆಸರಿನಲ್ಲಿ ಆರಂಭವಾದ ಫೆಲೋಷಿಪ್ ಈಗ ರಾಷ್ಟ್ರೀಯ ಫೆಲೋಷಿಪ್ ಆಗಿದೆ: ಪರಿಶಿಷ್ಟ ಜಾತಿಯವರಿಗೆ ವರ್ಷಕ್ಕೆ 2000, ಪರಿಶಿಷ್ಟ ಪಂಗಡದವರಿಗೆ 750, ಹಿಂದುಳಿದ ವರ್ಗದವರಿಗೆ ಪ್ರತ್ಯೇಕವಾಗಿ 1000. ಇಡೀ ಭಾರತಕ್ಕೆ ಇಷ್ಟು! ಕಾಡುಗೊಲ್ಲರು ಪರಿಶಿಷ್ಟ ಪಂಗಡಕ್ಕೆ ಸೇರಬೇಕೆಂದು ಬಹುಕಾಲದಿಂದ ಕೇಳುತ್ತಿದ್ದರೂ ಆ ಹುಡುಗಿ ಇಂದು ಸ್ಪರ್ಧಿಸಬೇಕಾದದ್ದು ಕೊನೆಯ ಸಾವಿರದಲ್ಲಿ. ಅಲ್ಪಸಂಖ್ಯಾತರಿಗಾಗಿ 2009ರಲ್ಲಿ ಬಂದ ಮೌಲಾನಾ ಆಜಾದ್ ಫೆಲೋಷಿಪ್ 2022-23ರಿಂದ ಹೊಸಬರಿಗೆ ನಿಂತುಹೋಯಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಕಿರಿಯ ಸಂಶೋಧನಾ ವೇತನ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಕಿರಿಯ ಸಂಶೋಧಕರ ಪರೀಕ್ಷೆಯಲ್ಲಿ ಸಮಾಜ ವಿಜ್ಞಾನದ ವಿಭಾಗವೂ ಇದ್ದದ್ದುಂಟು. ಇದು ಕಲಾ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ತಿಳಿಯದು.

ಮೊತ್ತ ಕಡಿಮೆಯೆಂದು ನಾನು ದೂರುವುದಿಲ್ಲ. ತೊಂದರೆ ಇರುವುದು ಬಾಗಿಲ ಹೊರಗೆ. ವೇತನ ಆರಂಭವಾಗುವುದು ಎಂ.ಎ. ಮುಗಿಸಿ, ನೆಟ್ ಗೆದ್ದು, ಪಿಎಚ್.ಡಿ.ಗೆ ಸೇರಿದ ಮೇಲೆ. ಬಿ.ಎ. ಆದ ಕೂಡಲೇ ಮನೆಯಲ್ಲಿ "ಇನ್ನೆಷ್ಟು ವರ್ಷ ಓದುತ್ತೀಯಪ್ಪಾ?" ಎಂದು ಕೇಳುವ ಅಪ್ಪನಿಗೆ ಏನು ಹೇಳುವುದು? ರಾಜ್ಯ ಸರ್ಕಾರ 2013-14ರಲ್ಲಿ ಆರಂಭಿಸಿದ ವಿದ್ಯಾಸಿರಿ ಯೋಜನೆಯ ತಿಂಗಳ ಸಹಾಯಧನ ಊಟ ವಸತಿಗೆ ಆಸರೆ ನಿಜ. ಆದರೆ ಹತ್ತು ಹಳ್ಳಿ ಸುತ್ತಿ ನೀರಿನ ಮಾದರಿ ಸಂಗ್ರಹಿಸುವ ಬಸ್ ಛಾರ್ಜು ಅದರಲ್ಲಿ ಹುಟ್ಟುವುದಿಲ್ಲ. ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲೇ ಐದು ಹತ್ತು ಸಾವಿರದ ಸಣ್ಣ ಕ್ಷೇತ್ರಾಧ್ಯಯನ ವೇತನ, ಜೊತೆಗೆ ಅರ್ಜಿ ಬರೆಯುವುದನ್ನು ಕಲಿಸುವ ಒಬ್ಬ ಗುರು, ಇವೆರಡು ಸಿಕ್ಕಿದರೆ ದೊಡ್ಡ ಫೆಲೋಷಿಪ್ಪುಗಳ ಬಾಗಿಲು ತಟ್ಟುವ ಧೈರ್ಯ ಬರುತ್ತದೆ. ಹಣ ತಿಂಗಳು ತಿಂಗಳು ತಪ್ಪದೆ ಬರುವುದೂ ಮುಖ್ಯ. ಜಮೀನಿಲ್ಲದ ಮನೆಯ ಮಗ ಆರು ತಿಂಗಳು ಸಾಲ ಮಾಡಿ ಸಂಶೋಧನೆ ನಡೆಸಲಾರ.

ಆಸಕ್ತಿಯುಳ್ಳ ಸಹಪಾಠಿಗಳಿಗೆ ಒಂದು ಮಾತು. ನೆಟ್ ಪರೀಕ್ಷೆ ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರ್ ಅವಧಿಗಳಿಗೆ ನಡೆಯುತ್ತದೆ. ಕಿರಿಯ ಸಂಶೋಧನಾ ವೇತನಕ್ಕೆ ವಯೋಮಿತಿ 30 ವರ್ಷ. ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ ಹಾಗೂ ಮಹಿಳೆಯರಿಗೆ 5 ವರ್ಷ ಸಡಿಲಿಕೆ ಉಂಟು. ವಿಷಯಗಳ ಪಟ್ಟಿಯಲ್ಲಿ ಸಮಾಜಶಾಸ್ತ್ರ, ಸಮಾಜಕಾರ್ಯ, ಅರ್ಥಶಾಸ್ತ್ರಗಳ ಜೊತೆಗೆ ಸಾಮಾಜಿಕ ವೈದ್ಯಶಾಸ್ತ್ರ ಮತ್ತು ಸಮುದಾಯ ಆರೋಗ್ಯ ಎಂಬ ಪ್ರತ್ಯೇಕ ವಿಷಯವೂ ಸೇರಿದೆ.